ಮ್ಯೂಸಿಯಮ್ಮಿನ ಬೋಗುಣಿಗೆ ಮಳೆನೀರು

ನೋಡ್ರಪ್ಪಾ, ಬೆಂಗಳೂರಿಂದ ಅಮೆರಿಕಾದ ಯೂನಿಯನ್ ಸಿಟಿಗೆ ವಾಪಸ್ ಹೋಗೋ ದಾರೀಲಿ ಮಲೇಷ್ಯಾದ ಪೆನಾಂಗ್ ನೋಡೋಣ ಅಂತ ಇಳಿದ್ವಿ. ಇವತ್ತು ಇಲ್ಲಿನ ಒಂದು ಮ್ಯೂಸಿಯಮ್ಮಲ್ಲಿ ನಮ್ಮಮ್ಮ ಬೈಸಿಕೊಂಡಳು.

ಯಾರೋ ವ್ಯಾಪಾರಿಯ ಹಳೇ ಮನೆ ಅದು. ನಡುವೆ ಆಕಾಶ ಕಾಣೋ ಅಂಗಳ, ಥೇಟ್ ಅಮ್ಮ ಬೆಳೆದ ಮಂಡ್ಯದ ತೊಟ್ಟಿಮನೆ. ದಿಢೀರಂತ ಮಳೆ ಸುರೀತು. ಅಮ್ಮ ಅಡ್ಡ ಕಟ್ಟಿದ್ದ ಹಗ್ಗ ದಾಟಿ, ಪ್ರದರ್ಶನಕ್ಕಿಟ್ಟಿದ್ದ ಹಿತ್ತಾಳೆ ಬೋಗುಣೀನ ಸೂರಿನ ನೀರಿಗೆ ಹಿಡಿದೇಬಿಟ್ಟಳು!

"ಮೇಡಂ, ನೋ ಟಚಿಂಗ್!" ಗಾರ್ಡು ಓಡಿಬಂದ.

"ಅಜ್ಜಿ, ಇಟ್ಸ್ ಎ ಮ್ಯೂಸಿಯಂ!" ಅಂದಳು ನನ್ನ ಮಗಳು.

"ಮನೆಯೊಳಗೆ ಮಳೆ ಬಂದ್ರೆ ಪಾತ್ರೆ ಇಡದೆ ಸುಮ್ನೆ ನಿಂತ್ಕೋತಾರೇನೇ?"

ಗಾರ್ಡು ಬೋಗುಣಿ ಈಸಿಕೊಂಡ. ಹೊರಗೆ ಬಂದ ಮೇಲೂ ಅಮ್ಮ ಒದ್ದೆ ಕೈಯನ್ನ ಸೆರಗಿಗೆ ಒರೆಸಿಕೊಳ್ಳಲಿಲ್ಲ.

ನಾಳೆ ಯೂನಿಯನ್ ಸಿಟಿ. ಅಲ್ಲಿ ಮನೆಯೊಳಗೆ ಮಳೆ ಬಂದ್ರೆ ನಾವು ಇನ್ಶೂರೆನ್ಸಿಗೆ ಫೋನ್ ಮಾಡ್ತೀವಿ.