ಕುಣಿಯಲ್ಲಿ ಕೂತು ತೋರಿಸಿ ಅಂದವಳು

ಅವಳ ಸೊಂಟದಲ್ಲಿ ಎಲೆಅಡಿಕೆ ಚೀಲದ ಪಕ್ಕ ಬೂದಿಯ ಡಬ್ಬಿಯೊಂದು ಸದಾ ತೂಗಾಡುತ್ತಿತ್ತು. ಆಳು ಬಹಳ ಕುಳ್ಳು. ಮಗ್ಗದ ಹಿಂದೆ ಕೂತರೆ ಬಿಳಿಗೂದಲಿನ ಗಂಟು ಮಾತ್ರ ಕಾಣುತ್ತಿತ್ತು. ಮೊಳಕಾಲ್ಮೂರಿನ ನಮ್ಮ ಬೀದಿಗೆಲ್ಲ ಅವಳು ಕೆಚ್ಚೋ ಅಕ್ಕ. ಮಗ್ಗದ ಮೇಲಿನ ಹಾಸು ಮುಗಿದಾಗ ಹಳೆಯ ಎಳೆಗಳ ತುದಿಗೆ ಹೊಸ ಎಳೆಗಳನ್ನು ಬೂದಿ ಮುಟ್ಟಿಸಿ ಒಂದೊಂದಾಗಿ ಹೊಸೆದು ಕೂಡಿಸುವುದು, ಅಂದರೆ ಕೆಚ್ಚುವುದು, ಅವಳ ಕಸುಬು. ಸಾವಿರಾರು ಎಳೆ. ನಡುವೆ ಮಾತಾಡಿಸಿದರೆ, "ಸುಮ್ಕಿರವ್ವ, ಎಳೆ ತಪ್ಪಿದ್ರೆ ನೀನು ಬಂದು ಹುಡುಕ್ತೀಯಾ?" ಎಂದು ರೇಗುತ್ತಿದ್ದಳು. ಕೆಲಸ ಮುಗಿದ ಮೇಲೆ ಮಾತ್ರ ಅವಳ ಬಾಯಿಗೆ ಬೀಗವಿರಲಿಲ್ಲ.

ನನ್ನ ಗಂಡನ ವಿಷಯ ಬಿಟ್ಟು ಅವಳ ವಿಷಯ ಹೇಳಲಾಗದು, ಹೇಳಿಬಿಡುತ್ತೇನೆ. ತೊಂಬತ್ತರ ದಶಕದ ಕೊನೆ. ಮದುವೆಯಾದ ಇಪ್ಪತ್ತೆರಡು ವರ್ಷಕ್ಕೆ ಆ ಪುಣ್ಯಾತ್ಮ ಆಂಧ್ರದ ಗಡಿಯಾಚೆ ಇನ್ನೊಂದು ಸಂಸಾರ ಹೂಡಿದ. ಅವನು ನೇಯುವುದು ಬಿಟ್ಟು, ಇಪ್ಪತ್ತು ಮಗ್ಗಗಳಿಗೆ ರೇಷ್ಮೆ ಕೊಟ್ಟು ಸೀರೆ ನೇಯಿಸುವ ಮೇಸ್ತ್ರಿಯಾಗಿ ಆಗಲೇ ಹನ್ನೆರಡು ವರ್ಷ. ಮನೆಯ ಮಗ್ಗದಲ್ಲಿ ನೇಯುತ್ತಿದ್ದವಳು ನಾನು, ಕೂಲಿ ಲೆಕ್ಕದ ಪುಸ್ತಕದಲ್ಲಿ ಹೆಸರು ಅವನದು. "ಮನೆ, ಮಗ್ಗ ಎಲ್ಲಾ ನನ್ನ ದುಡಿಮೆ, ಮನೆ ಮಗ್ಗದಲ್ಲಿ ನೇಯೋದೂ ನಾನೇ. ಅವಳು ಲಾಳಿಗೆ ನೂಲಿನ ಕಂಡಿಕೆ ಸುತ್ಕೊಂಡಿದ್ಲು ಅಷ್ಟೇ. ತಿಂಗಳಿಗೆ ಏನೋ ಕೊಡ್ತೀನಿ, ತವರಿಗೆ ಹೋಗ್ಲಿ" ಎಂದು ಊರೆಲ್ಲ ಹೇಳಿಕೊಂಡು ತಿರುಗಿದ. ಚಳ್ಳಕೆರೆಯ ವಕೀಲರು ಜೀವನಾಂಶಕ್ಕೂ ಮನೆಯ ಪಾಲಿಗೂ ನೋಟೀಸು ಕಳಿಸಿ, "ನೀವು ನೇಯ್ತಿದ್ರಿ ಅನ್ನೋಕೆ ಸಾಕ್ಷಿ ಬೇಕಲ್ಲಮ್ಮ" ಎಂದರು. ಬೀದಿಯ ಮುಕ್ಕಾಲು ಮಗ್ಗಕ್ಕೆ ರೇಷ್ಮೆ ಕೊಡುವವನೇ ಅವನು. ಕೇಳಿದವರೆಲ್ಲ "ನಿಮ್ಮನೆ ವಿಚಾರ ನಮಗ್ಯಾಕವ್ವ" ಎಂದು ಜಾರಿಕೊಂಡರು.

ನೋಟೀಸು ತಲುಪಿದ್ದೇ ತಡ, ಮನೆಯಲ್ಲೇ ತೀರ್ಮಾನ ಆಗಲಿ ಎಂದು ಅವನು ತನ್ನ ಕಡೆಯ ನಾಲ್ವರು ಹಿರಿಯರನ್ನು ಕರೆತಂದ. ಅವತ್ತು ಅಕ್ಕ ನಮ್ಮ ಮಗ್ಗದ ಹಿಂದೆ ಎಳೆ ಹೊಸೆಯುತ್ತಿದ್ದಳು. ಯಾರೂ ಅವಳನ್ನು ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ. ಅವನು ಹೇಳುತ್ತಾ ಹೋದ, ಹಿರಿಯರು ತಲೆಯಾಡಿಸುತ್ತಾ ಹೋದರು. ಒಬ್ಬರು ಆಗಲೇ ಬರೆದು ತಂದಿದ್ದ ಕಾಗದ ಹೊರತೆಗೆದರು. ಸಹಿ ಹಾಕಿದರೆ ಬೀದಿಪಾಲು ಎಂದು ನನಗೆ ಗೊತ್ತಿತ್ತು.

ಮಗ್ಗದ ಹಿಂದಿನಿಂದ ದನಿ ಬಂತು. "ಹನ್ನೆರಡು ವರ್ಸದಿಂದ ಇದ್ರಾಗೆ ನೇಯ್ತಿರೋದು ಈಯಮ್ಮ."

"ನೀಕೇಮಿ ತೆಲುಸು? ನಿನಗೇನು ಗೊತ್ತು?" ಎಂದು ಹಿರಿಯರೊಬ್ಬರು ತೆಲುಗು, ಕನ್ನಡ ಎರಡರಲ್ಲೂ ಗದರಿದರು. ನನ್ನ ಗಂಡ ದನಿ ಏರಿಸಲಿಲ್ಲ. "ಅಕ್ಕ, ನಾಳೆಯಿಂದ ಕೆಲಸ ಬ್ಯಾಡೇನು?" ಎಂದ.

ಅವಳ ಕೈ ನಿಂತಿತು. ಅವಳತ್ತ ನೋಡಲಾರದೆ ನಾನು ಗೋಡೆ ನೋಡಿದೆ. ಗಂಡ ಸತ್ತು ಒಂಟಿಯಾಗಿದ್ದವಳು; ಅವನ ಇಪ್ಪತ್ತು ಮಗ್ಗಗಳೇ ಅವಳ ಅನ್ನ. ಸುಮ್ಮನಿದ್ದುಬಿಡಲಿ ಎಂದು ಒಂದು ಮನಸ್ಸು, ಇನ್ನೊಂದು ಮಾತು ಆಡಲಿ ಎಂದು ಇನ್ನೊಂದು ಮನಸ್ಸು.

ಅಕ್ಕ ಎದ್ದು ಮುಂದೆ ಬಂದಳು. "ಈ ಕುಣಿ ನೋಡ್ರಿ. ನೇಯೋರು ಕಾಲು ಇಳಿಬಿಟ್ಟು ತುಳಿಯೋದು ಇಲ್ಲೇ. ಕೆಚ್ಚಿ ಮುಗಿಸಿದ ಮ್ಯಾಗೆ ನಾನೂ ಕೂತು ತುಳಿದು ನೋಡ್ತೀನಿ. ಕುಳ್ಳಿ ನಾನು, ನಂಗೆ ಸರಿಯಾಗಿ ಐತೆ. ಈಯಮ್ಮಂಗೂ ಸರಿಯಾಗೈತೆ. ಯಜಮಾನ್ರೇ, ನೀವೊಂದ್ಸಲ ಕುಣಿಯಾಗೆ ಕೂತು ತೋರ್ಸ್ರಿ."

ಅವನು ಆರಡಿ ಆಳು. ಅವನು ಮಗ್ಗ ಬಿಟ್ಟ ವರ್ಷವೇ ನನ್ನ ಕಾಲಿಗೆ ಎಟುಕಲೆಂದು ನಾನು ಕುಣಿಗೆ ಗೇಣುದ್ದ ಮಣ್ಣು ತುಂಬಿಸಿದ್ದೆ. ಹನ್ನೆರಡು ವರ್ಷದಲ್ಲಿ ಒಂದು ದಿನವೂ ಬಗ್ಗಿ ನೋಡದ ಮಹಾರಾಯನಿಗೆ ಅದು ಗೊತ್ತೇ ಇರಲಿಲ್ಲ. "ಇದೇನು ಹುಡುಗಾಟ?" ಎಂದ. ಕಾಗದ ಹಿಡಿದಿದ್ದ ಹಿರಿಯರೇ, "ಕೂತ್ಕೊಳ್ಳಪ್ಪ, ಅದ್ರಾಗೇನೈತೆ?" ಎಂದರು.

ಕೂತ. ಮೊಣಕಾಲೆರಡೂ ಸೀರೆ ಸುತ್ತುವ ಮರಕ್ಕೆ ಬಡಿದವು. ಕಾಲು ಆಡಿಸಲೂ ಜಾಗವಿಲ್ಲ. ಹಿರಿಯರು ಕಾಗದ ಮಡಚಿ ಜೇಬಿಗೆ ಹಾಕಿಕೊಂಡರು.

ಮಗ್ಗದ ಪಡಸಾಲೆ, ಅಡುಗೆಮನೆ ನನಗೆ, ಮಿಕ್ಕಿದ್ದು ಅವನಿಗೆ, ಜೀವನಾಂಶ ಬೇರೆ ಎಂದಾಯಿತು. ವಕೀಲರು ಅದನ್ನೇ ಬರೆಸಿ ಕೋರ್ಟಿನಲ್ಲಿ ದಾಖಲು ಮಾಡಿಸಿದರು. ಜೀವನಾಂಶ ವರ್ಷದೊಳಗೇ ನಿಂತುಹೋಯಿತು. ಮಗ್ಗ ಇತ್ತು, ಬದುಕಿಕೊಂಡೆ.

ಅಕ್ಕನನ್ನು ಮಾತ್ರ ಆ ಇಪ್ಪತ್ತು ಮನೆಯವರೂ ಮತ್ತೆ ಕರೆಯಲಿಲ್ಲ. ಚಳ್ಳಕೆರೆಯಲ್ಲಿದ್ದ ಮಗಳ ಮನೆ ಸೇರಿ, ಬಿತ್ತನೆ ಶೇಂಗಾ ಸುಲಿಯುವ ಕೂಲಿಗೆ ಹೋಗತೊಡಗಿದಳು. ಎರಡು ವರ್ಷದ ಮೇಲೆ ಹೇಳಿ ಕಳಿಸಿ ನನ್ನ ಮಗ್ಗಕ್ಕೆ ಕರೆಸಿಕೊಂಡೆ. ಬಿರುಕುಬಿಟ್ಟ ಬೆರಳಿಗೆ ರೇಷ್ಮೆ ಸಿಕ್ಕಿಕೊಂಡು ಎಳೆಗಳು ಹರಿಯತೊಡಗಿದವು. "ಇನ್ನು ಈ ಕೈಗೆ ಆಗಲ್ಲ ತಂಗಿ, ನೀನೇ ಕಲ್ತ್ಕೋ" ಎಂದು ಮೂರು ದಿನ ಪಕ್ಕದಲ್ಲಿ ಕೂತು ಹೇಳಿಕೊಟ್ಟು ಬಸ್ಸು ಹತ್ತಿದಳು. ನಾನು ಕ್ಷಮೆ ಕೇಳಲಿಲ್ಲ. ಕೇಳಬೇಕಿತ್ತು.

ಅವಳು ತೀರಿಕೊಂಡಾಗ ಹೋದೆ. ಮಗಳು ನನ್ನನ್ನು ನೋಡಿದ್ದು ಅವತ್ತೇ ಮೊದಲು. "ಮೊಳಕಾಲ್ಮೂರಿನೋರಾ? ಕಣ್ಣು ಮಂದ ಆತು ಅಂತ ನಮ್ಮವ್ವ ಅಲ್ಲಿ ಕೆಲಸ ಬಿಟ್ಟು ಬಂದಿದ್ಲು" ಎಂದಳು.

"ನಿಮ್ಮವ್ವನ ಕಣ್ಣಿಗೆ ಏನೂ ಆಗಿರ್ಲಿಲ್ಲ ಕಣಮ್ಮ" ಎಂದೆ. ಹೆಣದ ಮುಂದೆಯೇ ಕೂತು, ಅಲ್ಲಿ ಸೇರಿದ್ದವರಿಗೆಲ್ಲ ಕೇಳುವಂತೆ, ಆ ದಿನ ನಡೆದದ್ದನ್ನು ಒಂದೂ ಬಿಡದೆ ಹೇಳಿದೆ.