ಒಂದೇ ಸಲ ಕಟ್ಟುವುದು ಎಂದಿದ್ದೆ

ಸುಮಿತ್ರಕ್ಕ, ಆ ಕರಾರುಪತ್ರದಲ್ಲಿದ್ದ ಸಾಫ್ಟ್‌ವೇರ್ ಶುಲ್ಕ ಒಂದೇ ಸಲ ಕಟ್ಟುವಂಥದ್ದಲ್ಲ ಎಂಬುದು ನೀವು ಸಹಿ ಹಾಕುವ ಮೊದಲೇ ನನಗೆ ಗೊತ್ತಿತ್ತು. ಗೊತ್ತಿದ್ದೂ ಹೇಳಲಿಲ್ಲ.

ಯಾಕೆ ಹೇಳಲಿಲ್ಲ ಎಂದು ಬರೆಯಹೊರಟರೆ — ಅದು ಇವತ್ತಿಗೂ ನನಗೆ ಸರಿಯಾಗಿ ತಿಳಿದಿಲ್ಲ.

ಎರಡು ಸಾವಿರದ ಇಸವಿ ದಾಟಿ ನಾಲ್ಕೈದು ವರ್ಷವಾಗಿತ್ತು. ಪದ್ಮನಾಭನಗರದ ನಮ್ಮ ಮನೆಯ ಮುಂಗೋಣೆಯಲ್ಲಿ ನಾನು ಮಕ್ಕಳಿಗೆ ಕಂಪ್ಯೂಟರ್ ಪಾಠ ಹೇಳುತ್ತಿದ್ದೆ. ಎದುರುಮನೆಯ ನೀವು ಮದುವೆ, ಮುಂಜಿಗಳಿಗೆ ಅಡುಗೆ ಮಾಡಿಕೊಡುತ್ತಿದ್ದಿರಿ. ಹೆಸರು ಮಾಡಿದ ಒಂದು ತಿಂಡಿ ಹೋಟೆಲಿನವರು ಜೆ.ಪಿ. ನಗರದಲ್ಲಿ ಫ್ರಾಂಚೈಸಿ ಕೊಡುತ್ತಾರೆಂದು ತಿಳಿದಾಗ — ಅವರ ಬೋರ್ಡು, ನಿಮ್ಮ ಬಂಡವಾಳ — ಇಷ್ಟು ವರ್ಷದ ಉಳಿತಾಯವನ್ನೆಲ್ಲ ಅದಕ್ಕೇ ತೆಗೆದಿಟ್ಟಿರಿ. ಇಂಗ್ಲಿಷಿನ ಕಾಗದಗಳನ್ನು ನನ್ನ ಮುಂದೆ ಹರಡಿದಿರಿ.

"ಬಾಡಿಗೆ, ರಾಯಲ್ಟಿ ಎಲ್ಲಾ ಅರ್ಥ ಆಯ್ತು ಕಣೇ ಗೀತಾ. ಈ ಸಾಫ್ಟ್‌ವೇರ್‌ಗೆ ಅಂತ ಬೇರೆ ಬರ್ದಿದಾರಲ್ಲ, ಅದೇನು?"

ಲೈಸೆನ್ಸು, ನಿರ್ವಹಣೆ, ಕಂಪನಿ ಕಾಲಕಾಲಕ್ಕೆ ನಿಗದಿಪಡಿಸುವ ಇತರೆ ಶುಲ್ಕ — ಎರಡು ಸಲ ಓದಿದೆ. ಒಂದು ಇನ್ನೊಂದರಲ್ಲಿ ಸೇರಿದೆಯೋ, ಬೇರೆಯೋ ತಿಳಿಯಲಿಲ್ಲ. ತಿಳಿಯಲಿಲ್ಲ ಎನ್ನಬಹುದಿತ್ತು. ಆದರೆ ನೀವು ಕಂಪ್ಯೂಟರ್ ಟೀಚರನ್ನು ಕೇಳಿದ್ದಿರಿ.

"ಬಿಲ್ ಹಾಕೋ ಮೆಷಿನ್ನಿಗೆ ಅಕ್ಕ. ಒಂದೇ ಸಲ ಕಟ್ಟೋದು" ಎಂದುಬಿಟ್ಟೆ.

ಮಾರನೆಯ ದಿನ ಮನಸ್ಸು ತಡೆಯದೆ ಅವರ ಆಫೀಸಿಗೆ ಫೋನ್ ಮಾಡಿದೆ.

"ಲೈಸೆನ್ಸ್ ಮಾತ್ರ ಒಂದ್ಸಲ ಮೇಡಂ" ಎಂದ ಆತ. "ಆಮೇಲೆ ತಿಂಗ್ಳು ತಿಂಗ್ಳೂ, ಒಂದೊಂದು ಮೆಷಿನ್ನಿಗೂ ಬೇರೆ. ರೇಟ್ ಜಾಸ್ತಿ ಮಾಡೋದು ನಮ್ಗೆ ಬಿಟ್ಟಿದ್ದು. ಕಟ್ಟಿಲ್ಲ ಅಂದ್ರೆ ಲಾಕ್ ಆಗತ್ತೆ."

ಹೇಳಲೆಂದೇ ರಸ್ತೆ ದಾಟಿ ಬಂದೆ. ನಿಮ್ಮ ಜಗಲಿಯಲ್ಲಿ ನಾಲ್ಕು ಜನ ಕುಳಿತಿದ್ದರು. "ನಮ್ಮ ಗೀತಾನೇ ಓದಿ ನೋಡಿದಾಳೆ, ಇನ್ನೇನ್ ಭಯ" ಎನ್ನುತ್ತಿದ್ದಿರಿ. ಎಲ್ಲರೂ ನನ್ನ ಕಡೆ ತಿರುಗಿದರು. ನಾನು — ಸುಮ್ಮನೆ ನಕ್ಕೆ. ನಾಚಿಕೆಯೋ, ಜಂಬವೋ, ನಾಳೆ ಹೇಳಿದರಾಯಿತೆಂಬ ಸೋಮಾರಿತನವೋ. ಆ ನಾಳೆ ಬರುವಷ್ಟರಲ್ಲಿ ನೀವು ಸಹಿ ಹಾಕಿ ಬಂದಿದ್ದಿರಿ.

ಮೊದಲ ವರ್ಷ ತಿಂಗಳು ತಿಂಗಳೂ ಕೇಳಿದ ಶುಲ್ಕವನ್ನು ಗೊಣಗುತ್ತಲೇ ಕಟ್ಟಿದಿರಿ. ಎರಡನೆಯ ವರ್ಷ ಅವರು ದರ ಏರಿಸಿದರು. ಎರಡನೆಯ ಮೆಷಿನ್ನೂ ಕಡ್ಡಾಯವೆಂದರು. ನೀವು ಕಟ್ಟುವುದಿಲ್ಲವೆಂದು ವಾದಕ್ಕೆ ನಿಂತಿರಿ. ಒಂದು ಭಾನುವಾರ, ತಿಂಡಿಗೆ ಜನ ಬಾಗಿಲಾಚೆಗೂ ನಿಂತಿದ್ದಾಗ ಮೆಷಿನ್ ಲಾಕ್ ಆಯಿತು. ಹಸಿದವರನ್ನು ಹೇಗೆ ಕಳಿಸುವುದೆಂದು ಕೈಯಲ್ಲೇ ಚೀಟಿ ಬರೆದು ಕೊಟ್ಟಿರಿ. ಅವರ ಮೆಷಿನ್ ಬಿಟ್ಟು ಮಾರಿದ್ದು ಕರಾರಿಗೆ ವಿರುದ್ಧವೆಂದು ಅವರು ಬೋರ್ಡು ಇಳಿಸಿ ಹೋಟೆಲು ಮುಚ್ಚಿಸಿದರು. ನೀವು ಮತ್ತೆ ಕಂಡವರ ಮದುವೆಯ ಒಲೆಯ ಮುಂದೆ ನಿಂತಿರಿ — ಮಂಡಿನೋವಿನೊಂದಿಗೆ.

ಆಗ ನೀವೇ ನನ್ನನ್ನು ಸಮಾಧಾನ ಮಾಡಿದಿರಿ. "ನಿಂಗೂ ಗೊತ್ತಿರ್ಲಿಲ್ಲ ಬಿಡೇ."

ನಾನು ಹೌದೆಂದು ತಲೆಯಾಡಿಸಿದೆ. ಮೊದಲ ಸಲ ಬಾಯಿಗೆ ಬಂದದ್ದು ಅಜ್ಞಾನ ಎನ್ನಬಹುದೇನೋ. ಈ ತಲೆಯಾಡಿಸಿದ್ದಕ್ಕೆ — ಹೆಸರು ಹುಡುಕುತ್ತಲೇ ಇದ್ದೇನೆ.

ಇದನ್ನು ಅಂಚೆಗೆ ಹಾಕುವುದಿಲ್ಲ. ಅರೆಕೆರೆಯ ನಿಮ್ಮ ಹೊಸ ಮನೆಗೆ ನಾನೇ ಬರುತ್ತೇನೆ. ಬಾಗಿಲಲ್ಲೇ ನಿಂತು ಪೂರ್ತಿ ಓದುತ್ತೇನೆ. ಆಮೇಲೆ ಒಳಗೆ ಕರೆಯುವುದು, ಬಿಡುವುದು ನಿಮಗೆ ಸೇರಿದ್ದು.