ಮುಚ್ಚಬಾರದ ಆಟ

ಅಕ್ಕ ತಾನೇ ಮೆಚ್ಚಿದವನನ್ನು ಮದುವೆಯಾಗಿ ನಿಟ್ಟೂರಿಗೆ ಹೋದಮೇಲೆ ಅಪ್ಪ ಅವಳ ಹೆಸರೆತ್ತುವುದನ್ನೇ ಬಿಟ್ಟರು. ಉಪ್ಪಾರಹಳ್ಳಿಯ ನಮ್ಮ ಮನೆಯಿಂದ ರೈಲಿನಲ್ಲಿ ಒಂದು ಗಂಟೆಯೂ ಆಗದ ಊರು. ಆದರೂ ನಾನು ಹೋಗಿಲ್ಲ. ಅಪ್ಪನ ಎದುರು ನಿಲ್ಲುವ ಧೈರ್ಯ ನನಗಿಲ್ಲ, ಅಷ್ಟೇ. ಫೋನ್ ಮಾಡಿದರೆ ಇಬ್ಬರಿಗೂ ಅಳು ಬಂದು ಮಾತು ನಿಂತುಹೋಗುತ್ತದೆ.

ಚಿಕ್ಕವರಿದ್ದಾಗ ನಾವು ಕಿತ್ತಾಡಿಕೊಂಡು ಆಡಿದ, ಪುಸ್ತಕದಂತೆ ಮಡಚುವ ವಿಡಿಯೋ ಗೇಮ್ ಇನ್ನೂ ಇತ್ತು. ಅದರ ಬ್ರೌಸರಿನಲ್ಲಿ ಇವತ್ತಿನ ಯಾವ ಸೈಟೂ ತೆರೆಯುವುದಿಲ್ಲ. ನನ್ನ ಕಂಪ್ಯೂಟರಿನಿಂದಲೇ ಅದಕ್ಕೆ ಒಂದು ಪುಟ ಕಳಿಸಿ, ಅಕ್ಕನ ಜೊತೆ ಆಡಲೆಂದು ಅದರಲ್ಲಿ ನಮ್ಮ ಮನೆಯ ಚೌಕಾಬಾರ ಮಾಡಲು ಕೂತೆ. ಕವಡೆಯ ನಾಲ್ಕು ಚಿತ್ರ ಹಾಕಿದರೆ ಡಬ್ಬಿ ಸ್ತಬ್ಧ. ಸದ್ದು ಹಾಕಿದರೆ ಪುಟವೇ ಮಾಯ. ಕುಣಿಯಲಾರದವಳಿಗೆ ನೆಲ ಡೊಂಕು ಅನ್ನುತ್ತಾರಲ್ಲ, ನಾನು ಬೈದದ್ದೆಲ್ಲ ಆ ಡಬ್ಬಿಯನ್ನು. ಕೊನೆಗೆ ಚಿತ್ರ ತೆಗೆದು ಬರೀ ಅಂಕಿ ಇಟ್ಟೆ. ನಿಯಮಗಳಲ್ಲೂ ಒಂದನ್ನು ಕೈಬಿಟ್ಟೆ: ನಡುಮನೆ ಸೇರಿ ಹಣ್ಣಾಗುವ ಗರ ಬಿದ್ದರೆ ಕಾಯಿ ನಡೆಸಲೇಬೇಕು ಎಂಬುದು. ಅಕ್ಕ ಗೆಲ್ಲುವ ಅವಕಾಶ ಬಿಟ್ಟವಳೇ ಅಲ್ಲ, ಅವಳಿಗೆ ಅದನ್ನು ಯಾರು ಹೇಳಬೇಕು?

ಪುಟ ಮುಚ್ಚಿದರೆ ಆಟ ಅಳಿಸಿಹೋಗುತ್ತದೆ. ಡಬ್ಬಿ ಮಡಚಿದರೆ ಮಾತ್ರ ಹಾಗೇ ಮಲಗಿರುತ್ತದೆ. ಪಕ್ಕದ ಮನೆಯ ಟೀಚರಮ್ಮ ದಿನಾ ನಿಟ್ಟೂರಿನ ಶಾಲೆಗೆ ಹೋಗುವವರು. ಊಟದ ಬ್ಯಾಗಿನಲ್ಲಿ ಡಬ್ಬಿಯನ್ನೂ ಚಾರ್ಜರನ್ನೂ ಒಯ್ದು ಅಕ್ಕನಿಗೆ ಕೊಡುತ್ತಾರೆ, ಎರಡು ಮೂರು ದಿನಕ್ಕೆ ವಾಪಸ್ ತರುತ್ತಾರೆ. “ನಿಮ್ಮಪ್ಪಂಗೆ ಗೊತ್ತಾದ್ರೆ ನನ್ನೇ ಬೈತಾರೆ ಕಣಮ್ಮ,” ಅನ್ನುತ್ತಲೇ ಬ್ಯಾಗಿಗೆ ಹಾಕಿಕೊಳ್ಳುತ್ತಾರೆ.

ಹೀಗೇ ಒಂದೊಂದು ನಡೆಯಾಗಿ ಮಳೆಗಾಲ ಕಳೆಯಿತು. ನಾಲ್ಕರಲ್ಲಿ ಅಕ್ಕನ ಮೂರು ಕಾಯಿ ಹಣ್ಣಾದವು, ನನ್ನವೂ ಮೂರು. ಒಂದು ದಿನ ಡಬ್ಬಿ ತೆರೆದರೆ ಅವಳಿಗೆ ಬೇಕಿದ್ದ ಗರವೇ ಬಿದ್ದಿದೆ, ಕಾಯಿ ಮಾತ್ರ ಇದ್ದಲ್ಲೇ ಇದೆ. ಗುಂಡಿ ಒತ್ತಿ ಸರದಿಯನ್ನು ನನಗೆ ಬಿಟ್ಟಿದ್ದಳು. ಜೊತೆಗೆ ಒಂದು ಚೀಟಿ: “ನಡೆಸಿದ್ರೆ ಮುಗಿದೋಗುತ್ತೆ ಕಣೇ. ಆಮೇಲೆ ಟೀಚರಮ್ಮ ನಮ್ಮನೆಗೆ ಯಾಕ್ ಬರ್ತಾರೆ?”

ಓದಿ ಬಹಳ ಹೊತ್ತು ಅತ್ತೆ. ಹೊಸ ಆಟ ಶುರು ಮಾಡಬಹುದು ಎಂದು ಬರೆಯಲು ಹೋದೆ, ಬರೆಯಲಿಲ್ಲ. ಅಕ್ಕನಿಗೆ ಬೇಕಾಗಿದ್ದದ್ದು ಆಟವಲ್ಲ, ನಾನು.

ಕವಡೆ ಹಾಕಿದೆ. ನನಗೂ ಗೆಲ್ಲುವ ಗರವೇ ಬಿತ್ತು. ಕಾಯಿ ನಡೆಸದೆ ಸರದಿಯನ್ನು ಅವಳಿಗೇ ಬಿಟ್ಟು ಡಬ್ಬಿ ಮಡಚಿ, ನಾಳೆ ಟೀಚರಮ್ಮನ ಜೊತೆ ನಾನೂ ರೈಲು ಹತ್ತುತ್ತೇನೆ ಎಂದು ಅಪ್ಪನಿಗೆ ಹೇಳಲು ಎದ್ದೆ. ಅವರು ಪೇಪರ್ ಓದುತ್ತಿದ್ದರು. ಬಾಗಿಲವರೆಗೂ ಹೋಗಿ ವಾಪಸ್ ಬಂದೆ.

ಬೆಳಿಗ್ಗೆ ಡಬ್ಬಿ ಒಂದೇ ಹೋಯಿತು.